ತಮ್ಮನಿಗೆ ದನಿ ಕೇಳಿಸುತ್ತಿದೆ, ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಪ್ರಶ್ನೆ, ರಾಣೆಬೆನ್ನೂರಿನಿಂದ:
ತಮ್ಮನಿಗೆ 23 ವರ್ಷ. ತೀರಿಹೋದ ಅಜ್ಜಿ ತನ್ನ ಜೊತೆ ಮಾತಾಡುತ್ತಾಳೆ ಅಂತಾನೆ. ಇನ್ನೊಂದು ಗಂಡಸಿನ ದನಿ ಬೈಯುತ್ತದಂತೆ. ನಿದ್ದೆ ಇಲ್ಲ, ಕೆಲಸ ಬಿಟ್ಟಿದ್ದಾನೆ. ಅವ್ವ ಗಾಳಿ ಸೋಕಿದೆ ಅಂತಾಳೆ. ಕಾಕಾ ಧಾರವಾಡದ ಆಸ್ಪತ್ರೆಗೆ ಕರೆದೊಯ್ಯಿರಿ ಅಂತಾರೆ. ಅವನು ನನಗೇನೂ ರೋಗ ಇಲ್ಲ ಅಂತಾನೆ. ಯಾರ ಮಾತು ಕೇಳಲಿ?

ಹುಬ್ಬಳ್ಳಿಯಿಂದ:
ಮೊದಲು ತಮ್ಮನ ಮಾತು ಕೇಳಿ. ನನಗೂ ದನಿ ಕೇಳಿಸುತ್ತವೆ, ಈಗಲೂ. ಅಂಗಡಿ ನಡೆಸಿಕೊಂಡು ಇದ್ದೇನೆ. "ಅದೆಲ್ಲ ಸುಮ್ನೆ ಭ್ರಮೆ" ಅಂದರೆ ಅವನು ಮತ್ತೆ ಬಾಯಿ ಬಿಡುವುದಿಲ್ಲ. "ಹೌದು, ಅಜ್ಜಿನೇ ಬಂದಿದ್ದಾಳೆ" ಅಂತ ತಲೆಯಾಡಿಸುವುದೂ ಬೇಡ. "ನನಗೆ ಕೇಳಿಸಲ್ಲ, ನಿನಗೆ ಕೇಳಿಸೋದು ಖರೆ. ಏನಂತಾಳೆ?" ಅನ್ನಿ. ಯಾವಾಗ ಜಾಸ್ತಿ ಆಗುತ್ತದೆ, ಏನಾದರೂ ಮಾಡು ಅಂತ ಹೇಳುತ್ತದಾ, ವಿಚಾರಿಸಿ. ಈ ಕೊನೆಯದನ್ನು ಮರೆಯದೆ ಕೇಳಿ.

ಬೈಗುಳ ಜೋರಾದಾಗ ನಾನು ಮೊಬೈಲ್ ಕಿವಿಗೆ ಹಿಡಿದು ಉತ್ತರ ಕೊಡುತ್ತೇನೆ: "ಈಗ ಗಿರಾಕಿ ಇದ್ದಾರೆ, ರಾತ್ರಿ ಎಂಟಕ್ಕೆ ಬಾ." ನೋಡಿದವರು ಫೋನ್ ಅಂದುಕೊಳ್ಳುತ್ತಾರೆ. ಸಾಲ ವಸೂಲಿಯವರ ಜೊತೆ ಜಗಳ ಅಂತಾನೂ ಅಂದುಕೊಂಡಿರಬಹುದು! ದನಿ ಎಲ್ಲ ಸಲ ಸುಮ್ಮನಾಗುವುದಿಲ್ಲ. ಆದರೆ ಕೈಕಾಲು ನಡುಗುವುದು ನಿಲ್ಲುತ್ತದೆ.

ಮಾತ್ರೆಯಿಂದ ದನಿ ಪೂರ್ತಿ ಹೋಗಲಿಲ್ಲ, ಪಕ್ಕದ ಮನೆ ಟಿವಿ ಥರ ದೂರ ಸರಿಯಿತು. ನಿದ್ದೆ ಬಂತು. ಹಸಿವೂ ಬಂತು ನೋಡಿ! ಎರಡು ರೊಟ್ಟಿಯವನು ಐದಕ್ಕೆ ಹೋದೆ, ಪ್ಯಾಂಟ್ ಹಿಡಿಸದಾಯಿತು. ಡಾಕ್ಟರಿಗೆ ಹೇಳಿದೆ, ಮಾತ್ರೆ ಬದಲಿಸಿದರು. ತಾವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ತಿರುಗಿ ಬರುವ ಭಯ ಇರುತ್ತದೆ.

ಗದಗಿನಿಂದ:
ಅವ್ವನ ಜೊತೆ ಜಗಳ ಬೇಡ. ನನ್ನ ಮಗಳಿಗೆ ಅಮಾವಾಸ್ಯೆಗೆ ಮಠ, ಮಂಗಳವಾರ ಆಸ್ಪತ್ರೆ, ಎರಡೂ ನಡೆದವು. ಅತ್ತೆ ಕಟ್ಟಿಸಿದ ತಾಯಿತ ನೋಡಿ ಡಾಕ್ಟರ್ ಏನೂ ಅನ್ನಲಿಲ್ಲ. ಹೊಡೆಯುವವರು, ಉಪವಾಸ ಕೆಡವುವವರು, ಕಟ್ಟಿಹಾಕುವವರು, ಮಾತ್ರೆ ಬಿಡಿಸುವವರು ಇದ್ದಾರಲ್ಲ, ಅವರ ಹತ್ತಿರ ಮಾತ್ರ ಹೋಗಲೇಬೇಡಿ.

ಮತ್ತೆ ರಾಣೆಬೆನ್ನೂರಿನಿಂದ:
ಕೇಳಿದೆ. ಅಜ್ಜಿ "ಉಂಡಿಯೇನೋ" ಅಂತಾಳಂತೆ. ಆ ಗಂಡಸು "ನೀ ಇದ್ದೇನು ಪ್ರಯೋಜನ, ಸಾಯಿ" ಅಂತಾನಂತೆ. ಮಂಗಳವಾರ ಕರೆದೊಯ್ಯಲಾ?

ಧಾರವಾಡದಿಂದ:
ಮಂಗಳವಾರದ ತನಕ ಕಾಯಬೇಡಿ, ಇವತ್ತೇ ಹೊರಡಿ. ತಾಲೂಕು ಆಸ್ಪತ್ರೆಗಳ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಆಮೇಲಿನ ತಪಾಸಣೆಗೆ ಒಳ್ಳೆಯದು. ಈಗ ಜಿಲ್ಲಾಸ್ಪತ್ರೆ, ಇಲ್ಲವೇ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್. ದಾರಿಯಲ್ಲೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅವನನ್ನು ಒಬ್ಬನೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಬೇರೆಯವರ ಮನೆಗೆ ಸಾಗಿಸಿ. "ಸಾಯಬೇಕು ಅನಿಸ್ತದಾ" ಅಂತ ನೇರ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು.

ನಿದ್ದೆಗೇಡು, ಗಾಂಜಾ, ದಿಢೀರನೆ ಕುಡಿತ ಬಿಟ್ಟಿದ್ದು, ಜ್ವರ, ಥೈರಾಯ್ಡ್, ಇವುಗಳಿಂದಲೂ ಹೀಗಾಗಬಹುದು. ಅವನ್ನೂ ನೋಡಿ ಅಂತ ಡಾಕ್ಟರಿಗೆ ಹೇಳಿ.

ಅಜ್ಜಿಯ ವಿಷಯ ಮುಚ್ಚಿಡಬೇಡಿ. ತಾನ್ಯಾ ಲೂರ್‌ಮನ್ ಅನ್ನುವ ಮಾನವಶಾಸ್ತ್ರಜ್ಞೆ ತಂಡ ಕಟ್ಟಿಕೊಂಡು ಚೆನ್ನೈ, ಘಾನಾದ ಅಕ್ರಾ, ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೊಗಳಲ್ಲಿ ದನಿ ಕೇಳಿಸುವ ತಲಾ 20 ಮಂದಿಯನ್ನು ಮಾತಾಡಿಸಿದ್ದರು. ಎಲ್ಲರಿಗೂ ಗಂಭೀರ ಮಾನಸಿಕ ಕಾಯಿಲೆ ಇತ್ತು. ಅಮೆರಿಕದವರಿಗೆ ಹೆಚ್ಚಾಗಿ ಅಪರಿಚಿತರ ಕ್ರೂರ ದನಿ. ಚೆನ್ನೈಯವರಲ್ಲಿ ಅನೇಕರಿಗೆ ಮನೆಯವರ ದನಿ, ಮನೆಗೆಲಸ ಮಾಡು ಅಂತ ಗದರುವುದೂ ಉಂಟು. ನಿಮ್ಮ ತಮ್ಮನಿಗೆ ಎರಡೂ ಇವೆ, ಅಲ್ವಾ? ಯಾವ ದನಿ ಹಿಂಸೆ, ಯಾವುದು ಅಲ್ಲ ಅಂತ ಅವನ ಬಾಯಲ್ಲೇ ಡಾಕ್ಟರ್ ಕೇಳಲಿ. ರೋಗ ಇಲ್ಲ ಅನ್ನುವವನೂ "ನಿದ್ದೆ ಬರುವಂಗ ಮಾಡೋಣ" ಅಂದರೆ ಬರಬಹುದು.

ಚೇತರಿಸಿಕೊಂಡ ಮೇಲೆ ಒಂದು ಕೆಲಸ ಮಾಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಮುಂದೆ ಹುಷಾರಿಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಅವನೇ ಮೊದಲೇ ಬರೆದಿಡಬಹುದು.

ಶಿಗ್ಗಾಂವಿಯಿಂದ:
ಹುಬ್ಬಳ್ಳಿಯವರು ಹೇಳಿದಂತೆ ದನಿಗೆ ಉತ್ತರ ಕೊಡುವುದು ಎಲ್ಲರಿಗೂ ಆಗಿಬರಲ್ಲ. ನಮ್ಮಣ್ಣ ಹಾಗೆ ಶುರುಮಾಡಿ ರಾತ್ರಿಯಿಡೀ ವಾದಕ್ಕೇ ಕೂತುಬಿಟ್ಟ. ಅವನಿಗೆ ಹಿಡಿಸಿದ್ದು ಮಾತ್ರೆ, ಹೊಲದ ಕೆಲಸ, ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಭಜನೆ. ಅಂದಹಾಗೆ, ಆಸ್ಪತ್ರೆಗೆ ಯಾರು ಜೊತೆಗೆ ಬರಬೇಕು ಅಂತ ತಮ್ಮನನ್ನೇ ಕೇಳಿ. ಕಾಕಾ ಬೇಡ ಅಂದರೆ ಕಾಕಾ ಮನೆಯಲ್ಲೇ ಇರಲಿ.