ಹಾಸಿಗೆ ಹಿಡಿದ ಹಿರಿಯರ ಆರೈಕೆ: ಶುಶ್ರೂಷಾ ಸಹಾಯಕಿಯಿಂದ ಏನನ್ನು ನಿರೀಕ್ಷಿಸಬಹುದು?

ಪ್ರಶ್ನೆ (ಸೋಮವಾರಪೇಟೆ ಕಡೆಯವರು)

ಎಲ್ಲರಿಗೂ ನಮಸ್ಕಾರ. ಪಾರ್ಶ್ವವಾಯುವಿನಿಂದ ಬಲಭಾಗದ ಸ್ವಾಧೀನ ಕಳೆದುಕೊಂಡಿರುವ ನಮ್ಮ ಅತ್ತೆಯವರನ್ನು ತೋಟದ ಮನೆಯಲ್ಲೇ ನೋಡಿಕೊಳ್ಳುತ್ತಿದ್ದೇವೆ. ಆಹಾರ ಮೂಗಿನ ಟ್ಯೂಬಿನಿಂದ. ಮೂತ್ರಕ್ಕೆ ಕ್ಯಾಥೆಟರ್ ಇದೆ. ಏಜೆನ್ಸಿಯ ಮೂಲಕ ಬಂದಿರುವ ಸಹಾಯಕಿ ಬಹಳ ಶ್ರದ್ಧೆಯವರು. ಆದರೆ ಕಳೆದ ವಾರ ಟ್ಯೂಬ್ ಹೊರಬಂದಾಗ ಅದನ್ನು ತಾವು ಹಾಕುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಎಲ್ಲ ಕೆಲಸವೂ ಅವರಿಗೆ ಬರುತ್ತದೆ ಎಂದು ಏಜೆನ್ಸಿಯವರು ನಮಗೆ ಹೇಳಿದ್ದರು. ಅವರ ಕೆಲಸದ ಮಿತಿ ಎಲ್ಲಿಯವರೆಗೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ನಿವೃತ್ತ ಶುಶ್ರೂಷಾಧಿಕಾರಿ, ಮಡಿಕೇರಿ)

ಅವರು ಮಾಡಿದ್ದು ಸರಿಯಾಗಿದೆ. ಟ್ಯೂಬ್ ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದರೆ ಕೊಟ್ಟ ಗಂಜಿ ಶ್ವಾಸಕೋಶ ಸೇರಿ ಪ್ರಾಣಕ್ಕೇ ಕುತ್ತು ಬರುತ್ತದೆ. ಟ್ಯೂಬ್ ಹಾಕುವುದು, ಕ್ಯಾಥೆಟರ್ ಬದಲಿಸುವುದು, ಇಂಜೆಕ್ಷನ್ ಕೊಡುವುದು ನೋಂದಾಯಿತ ನರ್ಸ್ ಅಥವಾ ವೈದ್ಯರ ಹೊಣೆ. ನರ್ಸ್ ಆಗಲು ಓದುವ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಕೋರ್ಸ್ 3 ವರ್ಷದ್ದು. ಸಹಾಯಕಿಯರು ಪಡೆಯುವ ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ ಕೆಲವೇ ತಿಂಗಳುಗಳದ್ದು.

ಹಾಗೆಂದು ಅವರ ಕೆಲಸವನ್ನು ಕಡಿಮೆ ಎಂದು ಎಣಿಸಬೇಡಿ. ಹಾಸಿಗೆ ಹುಣ್ಣನ್ನು ತಡೆಯುವವರು ಅವರೇ. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸದೆ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿರಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೂ ದಿಂಬು ಇಡಬೇಕು. ಸೊಂಟದ ಹಿಂಭಾಗದಲ್ಲಿ ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಬೇಕು. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವ ರೂಢಿ ನಮ್ಮಲ್ಲಿದೆ. ಅದರಿಂದ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ಆಹಾರ ಕೊಡುವಾಗಲೂ, ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ತಲೆಯ ಭಾಗ ಎತ್ತರದಲ್ಲಿರಲಿ. ಮೂಗಿನ ಬಳಿ ಟ್ಯೂಬಿನ ಮೇಲಿರುವ ಗುರುತು ಸರಿದಿದ್ದರೆ ಆಹಾರ ಕೊಡಲೇಬಾರದು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. ಗಾಳಿಹಾಸಿಗೆ ಇದೆಯೆಂದು ನಿಶ್ಚಿಂತರಾಗಬೇಡಿ. ಆಟಿಯ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಗಾಳಿ ಇಳಿದು ರೋಗಿ ಗಟ್ಟಿ ಮಂಚದ ಮೇಲೆಯೇ ಮಲಗಿದಂತಾಗುತ್ತದೆ. ಆಗ ಮಗ್ಗುಲು ಬದಲಿಸುವ ಕೈಗಳೇ ಗತಿ.

ಉತ್ತರ 2 (ಸಹಾಯಕಿಯಾಗಿ ಕೆಲಸ ಮಾಡುತ್ತಿರುವವರು, ವಿರಾಜಪೇಟೆ)

ಮೇಡಂ ಹೇಳಿದ್ದಕ್ಕೆ ನನ್ನ ಅನುಭವದಿಂದ ಸ್ವಲ್ಪ ಸೇರಿಸುತ್ತೇನೆ. 2 ಗಂಟೆಗೊಮ್ಮೆ ಎಂದರೆ ರಾತ್ರಿಯೂ ಸೇರಿತು. ಹಗಲಿಡೀ ಸ್ನಾನ, ಬಾಯಿ ಸ್ವಚ್ಛತೆ, ಬಟ್ಟೆ ಬದಲಾವಣೆ ಮಾಡಿದವರೇ ರಾತ್ರಿಯೂ ಏಳಬೇಕಾದರೆ ಕೆಲವೇ ದಿನಗಳಲ್ಲಿ ಕೈ ಸೋಲುತ್ತದೆ, ನಷ್ಟ ರೋಗಿಗೇ. ನಾನು ಹಿಂದೆ ಇದ್ದ ಒಂದು ಮನೆಯಲ್ಲಿ ಕೊಯ್ಲಿನ ಕಾಲಕ್ಕೆ ಕಣದಲ್ಲಿ ಕಾಫಿ ಹರಡಲು ನನ್ನನ್ನು ಕರೆಯುತ್ತಿದ್ದರು. ಅಷ್ಟು ಹೊತ್ತು ಅಜ್ಜಿ ಒಂದೇ ಮಗ್ಗುಲಲ್ಲಿ ಇರುತ್ತಿದ್ದರು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಳೆದು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ. ರೋಗಿಯ ಮೈಕೆಳಗೆ ಅಡ್ಡಲಾಗಿ ಮಡಿಸಿದ ಬೆಡ್‌ಶೀಟ್ ಹಾಸಿಕೊಂಡು ಇಬ್ಬರು ಸೇರಿ ಸರಿಸಿದರೆ ಚರ್ಮ ಉಜ್ಜುವುದಿಲ್ಲ. ಮಳೆಗಾಲಕ್ಕೆ ಶೀಟುಗಳು ಹೆಚ್ಚು ಬೇಕು. ಅರೆಬರೆ ಒಣಗಿದ್ದನ್ನು ಹಾಸಿದರೆ ತೊಡೆಸಂದಿಯಲ್ಲಿ ಬೂಷ್ಟು ಹಿಡಿದು ತುರಿಕೆಯಾಗುತ್ತದೆ.

ಉತ್ತರ 3 (ಕುಶಾಲನಗರ)

ಸಹಾಯಕಿಯ ಕೈಗೆ ಒಂದು ನೋಟ್‌ಬುಕ್ ಕೊಡಿ. ಎಷ್ಟು ಹೊತ್ತಿಗೆ ಯಾವ ಮಗ್ಗುಲು, ಎಷ್ಟು ಆಹಾರ, ಮೂತ್ರದ ಪ್ರಮಾಣ ಮತ್ತು ಬಣ್ಣ, ಇಷ್ಟು ಬರೆದಿಟ್ಟರೆ ವೈದ್ಯರು ಫೋನಿನಲ್ಲಿಯೇ ಅರ್ಧ ವಿಷಯ ತಿಳಿದುಕೊಳ್ಳುತ್ತಾರೆ. ಹಿರಿಯರಿಗೆ ಸಂಬಂಧಿಸಿದ ಮಾಹಿತಿಗೆ 14567 ಸಹಾಯವಾಣಿ ಉಚಿತವಾಗಿದೆ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಟ್ಯೂಬ್ ಮತ್ತು ಕ್ಯಾಥೆಟರ್‌ಗೆ ನರ್ಸ್ ಒಬ್ಬರನ್ನು ಗೊತ್ತುಮಾಡಿ, ರಾತ್ರಿಯ ಪಾಳಿಯನ್ನು ನಾನು ಮತ್ತು ನನ್ನ ಮೈದುನ ಹಂಚಿಕೊಳ್ಳುತ್ತೇವೆ. ಸಹಾಯಕಿಗೆ ವಾರದ ರಜೆಯನ್ನೂ ಇಂದೇ ನಿಗದಿ ಮಾಡುತ್ತೇವೆ. ಶೀಟಿನಿಂದ ಸರಿಸುವ ಕ್ರಮವನ್ನು ನಮಗೂ ಕಲಿಸಿಕೊಡುವಂತೆ ಅವರನ್ನೇ ಕೇಳಿಕೊಂಡಿದ್ದೇನೆ.