ಅಪ್‌ಡೇಟ್: ಗೇರ್ ಬದಲಾಯಿಸಿದೆ, ವೇಲ್ಸ್ ಮುಗಿಸಿ ಬಂದೆ

ಲಗೇಜ್ ಹೇರಿಕೊಂಡು ಹೋಲಿಹೆಡ್‌ನಿಂದ ಕಾರ್ಡಿಫ್‌ವರೆಗೆ ಸೈಕಲ್ ತುಳಿಯೋಕೆ ನನ್ನ ಗೇರ್ ಸಾಕಾ ಅಂತ ಇಲ್ಲಿ ಕೇಳಿದ್ದೆ. ಸಾಲಲ್ಲ, ಹಿಂದಿನ ಚಕ್ರಕ್ಕೆ 34 ಹಲ್ಲಿನ ಕ್ಯಾಸೆಟ್ (ಹಲ್ಲುಚಕ್ರಗಳ ಗುಚ್ಛ, ಅದರ ದೊಡ್ಡ ಚಕ್ರಕ್ಕೆ 34 ಹಲ್ಲು) ಹಾಕಿಸಿ ಅಂದಿದ್ರಿ. ಹಾಕಿಸಿದ್ದಕ್ಕೇ ಬಚಾವಾದೆ, ತುಂಬಾ ಥ್ಯಾಂಕ್ಸ್.

ನಾನು ಹಿಡಿದ ಲೋನ್ ಲಾಸ್ ಕಮ್ರಿ ಅನ್ನೋ ಸೈಕಲ್ ಮಾರ್ಗ ಸುಮಾರು 400 ಕಿ.ಮೀ. ನನಗೆ ಏಳು ದಿನ ಹಿಡೀತು. ಆಂಗಲ್ಸೀ ದ್ವೀಪ ಸಲೀಸು. ಮಖನ್‌ಲೆತ್ ಬಿಟ್ಟು ಲ್ಯಾನಿಡ್ಲೊಯ್ಸ್ ಕಡೆಗಿನ ಬೆಟ್ಟದ ರಸ್ತೆಯೇ ನಿಜವಾದ ಪರೀಕ್ಷೆ. ಎರಡು ಕಡೆ ಇಳಿದು ತಳ್ಳಿದೆ. ಮೇಲೆ ಗಾಳಿ, ಕುರಿ, ನಾನು, ಅಷ್ಟೇ. ಆ ನಿಶ್ಶಬ್ದಕ್ಕೋಸ್ಕರ ಇನ್ನೊಮ್ಮೆ ಹೋಗ್ತೀನಿ.

ಹತ್ತೋದಕ್ಕಿಂತ ಇಳಿಯೋದೇ ಹೆದರಿಸಿತು. ತಿರುವಿನಲ್ಲಿ ರಸ್ತೆ ಮೇಲೆ ದೊಡ್ಡ ಬಿಳಿ ಅಕ್ಷರದಲ್ಲಿ ‘ARAF’ (ಅರವ್) ಅಂತಿರುತ್ತೆ. ವೆಲ್ಷ್‌ನಲ್ಲಿ ‘ನಿಧಾನ’ ಅಂತ. ಅದನ್ನ ಕಂಡ ಕೂಡಲೇ ಬ್ರೇಕ್ ಹಿಡೀರಿ. ದನ-ಕುರಿ ದಾಟದಂತೆ ರಸ್ತೆಗೆ ಅಡ್ಡ ಹಾಕಿರೋ ಕಬ್ಬಿಣದ ಸರಳುಗಳು ಮಳೆಯಲ್ಲಿ ಸೋಪಿನಷ್ಟು ಜಾರುತ್ತವೆ. ಹ್ಯಾಂಡಲ್ ನೇರ ಇಟ್ಟು, ಬ್ರೇಕ್ ಮುಟ್ಟದೆ ದಾಟಬೇಕು.

ನೀವು ಹೇಳಿದ್ದ ಗಾಸ್ಪೆಲ್ ಪಾಸ್ (549 ಮೀಟರ್, ವೇಲ್ಸ್‌ನ ಅತಿ ಎತ್ತರದ ಟಾರು ರಸ್ತೆ) ಮಳೆಯಿಂದಾಗಿ ಬಿಡಬೇಕಾಯ್ತು. ಬ್ರೆಕನ್ ಊರಿನಿಂದ ಟ್ಯಾಫ್ ಟ್ರೇಲ್ ಅನ್ನೋ ಸೈಕಲ್ ದಾರಿ ಹಿಡಿದು ಕಾರ್ಡಿಫ್ ಸೇರಿದೆ.