ಸೈಕಲ್ ಬ್ರೇಕಿಗೆ ಎಲೆಕ್ಟ್ರಾನಿಕ್ಸ್ ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಸೈಕಲ್ ಬಿಡಿಭಾಗ ತಯಾರಿಸುವ ಶಿಮಾನೊ ಕಂಪನಿ 2009ರಲ್ಲೇ ಎಲೆಕ್ಟ್ರಾನಿಕ್ ಗೇರ್ ತಂದಿತು. ಬ್ರೇಕಿಗೂ ಹಾಗೇ ಯಾಕೆ ಬರಬಾರದು? ಹೋದ ತಿಂಗಳು ಮಳೆಯಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಬಿದ್ದೆ. ಅದಕ್ಕೇ ಕೇಳುತ್ತಿದ್ದೇನೆ. ನನ್ನದು ಮಾಮೂಲಿ ರಿಮ್ ಬ್ರೇಕ್ (ಚಕ್ರದ ಅಂಚನ್ನೇ ರಬ್ಬರ್ ಪ್ಯಾಡ್ ಒತ್ತಿ ಹಿಡಿಯುವ) ಸೈಕಲ್.

ಉತ್ತರ (ಸೈಕಲ್ ಮೆಕ್ಯಾನಿಕ್): ನಮಸ್ಕಾರ. ಪೆಟ್ಟು ಜಾಸ್ತಿ ಆಗಿಲ್ಲ ಅಂದುಕೊಳ್ಳುತ್ತೇನೆ. ಗೇರ್ ಕೈಕೊಟ್ಟರೆ ಇದ್ದ ಗೇರಿನಲ್ಲೇ ತುಳಿದುಕೊಂಡು ಮನೆ ಸೇರಬಹುದು. ಬ್ರೇಕ್ ಕೈಕೊಟ್ಟರೆ? ಲಿವರ್‌ನಿಂದ ಪ್ಯಾಡ್‌ವರೆಗೆ ಕೇಬಲ್ಲೂ ಎಣ್ಣೆಯೂ ಇಲ್ಲದೆ ಬರೀ ಕರೆಂಟ್ ವೈರ್ ಇರುವ ಬ್ರೇಕನ್ನು ನಾನಂತೂ ಒಪ್ಪುವುದಿಲ್ಲ. ಅದರಿಂದ ಲಾಭವೂ ಇಲ್ಲ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ಒಂದು ಬೆರಳಿನ ಬಲವೇ ಸಾಕು.

ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಿ (ತಿರುಗುವುದು ನಿಂತು) ಜಾರದಂತೆ ತಡೆಯುವ ವ್ಯವಸ್ಥೆ, ಮಾತ್ರ ಬೇರೆ ವಿಷಯ. ಅಲ್ಲಿ ಬ್ರೇಕ್ ಹಿಡಿಯುವುದು ನಿಮ್ಮ ಕೈಯೇ. ಸೆನ್ಸರ್‌ಗಳು ಎರಡೂ ಚಕ್ರಗಳ ವೇಗ ಗಮನಿಸುತ್ತಿರುತ್ತವೆ. ಮುಂದಿನ ಚಕ್ರ ಲಾಕ್ ಆಗುವ ಹಾಗಿದ್ದರೆ ಎಣ್ಣೆಯ ಒತ್ತಡವನ್ನು ಒಂದು ಕ್ಷಣ ಸಡಿಲಿಸಿ, ಮತ್ತೆ ಕೊಡುತ್ತದೆ. ಬಾಷ್ ಕಂಪನಿ ಇದನ್ನು 2017ರಲ್ಲಿ ಇ-ಬೈಕಿಗೆ ತಂದಿತು. ಎಬಿಎಸ್ ಕೆಲಸ ನಿಲ್ಲಿಸಿದರೂ ಬ್ರೇಕ್ ಹಿಡಿಯುತ್ತದೆ. ನನಗೆ ಇಷ್ಟವಾದದ್ದು ಇದೇ. ಭಾರದ ಇ-ಬೈಕ್, ಅದರಲ್ಲೂ ಮಕ್ಕಳನ್ನೋ ಸಾಮಾನನ್ನೋ ಹೊರುವಂಥದ್ದಾದರೆ, ಖಂಡಿತ ಹಾಕಿಸಿ ಅನ್ನುತ್ತೇನೆ.

ಆದರೆ ಎಬಿಎಸ್ ಇದ್ದರೆ ಬೇಗ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಸೈಕಲ್ ಮೇಲೆ ನಮ್ಮ ಭಾರ ಎತ್ತರದಲ್ಲಿರುತ್ತದೆ, ಚಕ್ರಗಳ ನಡುವಿನ ಅಂತರ ಕಡಿಮೆ. ಒಣ ರಸ್ತೆಯಲ್ಲಿ ತೀರಾ ಜೋರಾಗಿ ಹಿಡಿದರೆ ಟೈರ್ ಜಾರುವ ಮೊದಲೇ ಹಿಂದಿನ ಚಕ್ರ ಮೇಲೇಳುತ್ತದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿದ್ದರೆ, ಬ್ರೇಕ್ ಹಿಡಿದ ಮೇಲೂ ನಿಲ್ಲಲು ಸುಮಾರು 5 ಮೀಟರ್ ಬೇಕು. ಯಾವ ಚಿಪ್ ಹಾಕಿದರೂ ಅದು ಅಷ್ಟೇನೂ ಇಳಿಯದು. ಎಬಿಎಸ್ ನಿಮ್ಮನ್ನು ಬೀಳದಂತೆ ನೋಡಿಕೊಳ್ಳುತ್ತದೆ, ಅದೇ ಅದರ ಕೆಲಸ.

ಇನ್ನೊಬ್ಬರ ಪ್ರಶ್ನೆ: ಬ್ರೇಕ್ ಹಿಡಿದಾಗ ಬ್ಯಾಟರಿ ಚಾರ್ಜ್ ಆಗುವ ವ್ಯವಸ್ಥೆ ಒಳ್ಳೆಯದಲ್ವಾ?

ಉತ್ತರ: ಲೆಕ್ಕ ಹಾಕೋಣ. ಸವಾರ, ಸೈಕಲ್ ಸೇರಿ 100 ಕೆ.ಜಿ., ವೇಗ ಅದೇ 25. ಒಮ್ಮೆ ನಿಂತಾಗ ಸಿಗುವುದು ಹೆಚ್ಚೆಂದರೆ 0.7 ವ್ಯಾಟ್-ಅವರ್. 500 ವ್ಯಾಟ್-ಅವರ್ ಬ್ಯಾಟರಿ ತುಂಬಲು ಏಳುನೂರಕ್ಕೂ ಹೆಚ್ಚು ಸಲ ನಿಲ್ಲಿಸಬೇಕು, ಅದೂ ಏನೂ ನಷ್ಟವಾಗದಿದ್ದರೆ! ಉದ್ದದ ಇಳಿಜಾರಿನಲ್ಲಿ ಪ್ಯಾಡ್ ಸವೆಯುವುದು ಕಡಿಮೆಯಾಗುತ್ತದೆ, ಆ ಲಾಭ ನಿಜ.

ಮೊದಲು ಕೇಳಿದವರು: ಹಾಗಾದರೆ ನಾನೇನು ಮಾಡಲಿ ಸರ್?

ಉತ್ತರ: ಒದ್ದೆ ರಿಮ್ ಮೇಲೆ ಪ್ಯಾಡ್ ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯುತ್ತದೆ. ಹಿಡಿಯಲಿಲ್ಲ ಅಂತ ಗಾಬರಿಯಿಂದ ಇನ್ನೂ ಒತ್ತಿರುತ್ತೀರಿ, ಅದು ಒಮ್ಮೆಲೇ ಕಚ್ಚಿರುತ್ತದೆ. ಮಳೆಯಲ್ಲಿ ಸ್ವಲ್ಪ ಮುಂಚೆಯೇ, ಎರಡೂ ಬ್ರೇಕನ್ನು ಮೆಲ್ಲಗೆ ಒತ್ತಿ. ಪ್ಯಾಡ್ ಗಟ್ಟಿಯಾಗಿದ್ದರೆ ಈ ವಾರವೇ ಬದಲಿಸಿ.